ವರ್ಷಕ್ಕೆ 52 ಪುಸ್ತಕ ಓದಲೇಬೇಕಾ?

ಓದುಗರ ಪ್ರಶ್ನೆ: ನಾನು ಮಂಡ್ಯದವಳು. ವಯಸ್ಸು 42. ಕೆಲಸ ಮೈಸೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ವಾರಕ್ಕೊಂದರಂತೆ ಈ ವರ್ಷ 52 ಪುಸ್ತಕ ಓದುತ್ತೇನೆ ಎಂದು ಜನವರಿಯಲ್ಲಿ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡಿದ್ದೆ. ಆಗಸ್ಟ್ ಮುಗಿಯುತ್ತಾ ಬಂತು, 19 ಆಗಿವೆ. ಅದರಲ್ಲಿ ಅರ್ಧಕ್ಕರ್ಧ ಸಣ್ಣ ಪುಸ್ತಕಗಳು. ಮಾರ್ಚ್‌ನಲ್ಲಿ ಓದಿದ ಕಾದಂಬರಿಯ ನಾಯಕಿಯ ಹೆಸರೇ ಈಗ ನೆನಪಿಲ್ಲ. ಸಂಜೆ ಓದಲು ಕೂತರೆ ತಲೆನೋವು. ನೆನಪಿನ ಶಕ್ತಿ ಕಡಿಮೆಯಾಗುತ್ತಿದೆಯಾ? ಸ್ಪೀಡ್ ರೀಡಿಂಗ್ ಕೋರ್ಸ್ ಸೇರಲಾ? ‘ಮಲೆಗಳಲ್ಲಿ ಮದುಮಗಳು’ ಹಿಡಿದೆ, 120ನೇ ಪುಟಕ್ಕೆ ನಿಲ್ಲಿಸಿದೆ. ಆದರೆ ಓದುಗರ ಕೂಟದಲ್ಲಿ ಎಲ್ಲರ ಜೊತೆ ‘ಅದ್ಭುತ’ ಅಂದುಬಿಟ್ಟೆ. ಕೂಟದವರೇ ಒಬ್ಬರು ಹೊರತಂದ ತಮ್ಮ ಕವನ ಸಂಕಲನ ಹಿಡಿಸಲಿಲ್ಲ, ಅದನ್ನೂ ಹೊಗಳಿದೆ. ಈಗ ಕೂಟಕ್ಕೆ ಹೋಗಲು ಮುಜುಗರ. ಇನ್ನೊಂದು ವಿಷಯ, 11 ವರ್ಷದ ಮಗನಿಗೂ 20 ಪುಸ್ತಕದ ಗುರಿ ಹಾಕಿದ್ದೇನೆ, ಒಂದು ಮುಗಿಸಿದರೆ 50 ರೂಪಾಯಿ ಕೊಡುತ್ತೇನೆ. ಇದು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಚಿಂತೆ ಮಾತ್ರ ಎರಡು. ಒಂದು, ಓದಿದ್ದು ಉಳಿಯುತ್ತಿಲ್ಲ. ಇನ್ನೊಂದು, ಓದಿದ್ದರ ಬಗ್ಗೆ ಅನಿಸಿದ್ದನ್ನು ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ. ಇವೆರಡೂ ಬೇರೆ ಬೇರೆ ಎಂದು ನೀವು ತಿಳಿದಿದ್ದೀರಿ. ನಾನು ಮೈಸೂರಿನಲ್ಲಿ ಗ್ರಂಥಪಾಲಕಿಯಾಗಿ ಬಹಳ ಕಾಲ ಪುಸ್ತಕ ಕೊಟ್ಟು ಪಡೆದವಳು, ಓದುಗರ ಕೂಟ ನಡೆಸಿದವಳು. ಅಲ್ಲಿ ಮತ್ತೆ ಮತ್ತೆ ಕಂಡಿದ್ದು ಇಷ್ಟು: ಓದಿದ್ದನ್ನು ತಮ್ಮ ಮಾತಿನಲ್ಲಿ ಯಾರಿಗಾದರೂ ಹೇಳುವವರಿಗೆ ಪುಸ್ತಕ ಉಳಿಯುತ್ತದೆ. ಹೇಳದೆ ಮುಂದಿನ ಪುಸ್ತಕಕ್ಕೆ ಓಡುವವರಿಗೆ ಉಳಿಯುವುದಿಲ್ಲ. ಅಭಿಪ್ರಾಯ ಹೇಳುವುದೂ ಓದಿನದೇ ಒಂದು ಭಾಗ. ನಿಮ್ಮ 52ರ ಲೆಕ್ಕ ಆ ಭಾಗವನ್ನೇ ನುಂಗಿಹಾಕಿದೆ.

ಮೊದಲು ತಲೆನೋವಿನ ಮಾತು, ಅದು ಸುಲಭ. ನಿಮ್ಮ ವಯಸ್ಸಿಗೆ ಚಾಳೀಸು ಬರುತ್ತದೆ. ಕಣ್ಣಿನ ಒಳಗಿನ ಮಸೂರ ಗಡುಸಾಗಿ, ಹತ್ತಿರದ ಅಕ್ಷರಕ್ಕೆ ಹೊಂದಿಕೊಳ್ಳುವುದು ಕಷ್ಟವಾಗುತ್ತದೆ. ಮಂದ ಬೆಳಕಿನಲ್ಲಿ, ಅದೂ ದಿನವಿಡೀ ಕಂಪ್ಯೂಟರ್ ನೋಡಿ ದಣಿದ ಮೇಲೆ, ಇದು ಜಾಸ್ತಿ ಗೊತ್ತಾಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತವೆ. ಹಳೆಯ ಮುದ್ರಣದಲ್ಲಂತೂ ಅವನ್ನು ಬಿಡಿಸಿಕೊಳ್ಳುವುದೇ ಒಂದು ಕೆಲಸ. ‘ಓದಲು ಮನಸ್ಸೇ ಇಲ್ಲ ಮೇಡಂ’ ಎಂದು ಬಂದ ಎಷ್ಟೋ ಜನರಿಗೆ ಬೇಕಾಗಿದ್ದು ಓದುವ ಕನ್ನಡಕ. ಒಮ್ಮೆ ಕಣ್ಣು ತೋರಿಸಿ. ಕನ್ನಡಕ ಬಂದ ಮೇಲೂ ತಲೆನೋವು ಹೋಗದಿದ್ದರೆ ಆಗ ವೈದ್ಯರ ಹತ್ತಿರ ಮಾತಾಡಿ.

ಇನ್ನು ನೆನಪು. ಐದು ತಿಂಗಳ ಹಿಂದೆ ಓದಿದ ಕಾದಂಬರಿಯ ನಾಯಕಿಯ ಹೆಸರು ಮರೆಯುವುದು ರೋಗವಲ್ಲ. ಒಲೆ ಮೇಲೆ ಹಾಲಿಟ್ಟಿದ್ದು ಪದೇ ಪದೇ ಮರೆಯುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ, ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ನಿಮ್ಮದು ಹಾಗಿಲ್ಲ. ಮರೆವಿನ ಬಗ್ಗೆ ಮೊದಲು ಶಿಸ್ತಾಗಿ ಅಳತೆ ಮಾಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್, 1885ರಲ್ಲಿ. ಅರ್ಥವಿಲ್ಲದ ಸಣ್ಣ ಸಣ್ಣ ಪದಗಳ ಪಟ್ಟಿಯನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಎಂದು ಬರೆದಿಟ್ಟರು. ಮೊದಲ ಒಂದು ದಿನದಲ್ಲೇ ಬಹುಪಾಲು ಹೋಗಿಬಿಡುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಅರ್ಥವಿರುವ ಕಥೆ ಅಷ್ಟು ಬೇಗ ಹೋಗುವುದಿಲ್ಲ. ಆದರೂ ಮೊದಲ ಒಂದೆರಡು ದಿನದಲ್ಲಿ ಜಾಸ್ತಿ ಸೋರುವುದು ಎಲ್ಲರಿಗೂ ಇದ್ದದ್ದೇ. ನೀವು ಆ ಎರಡು ದಿನದಲ್ಲಿ ಏನು ಮಾಡುತ್ತಿದ್ದಿರಿ? ಮುಂದಿನ ಪುಸ್ತಕ ಶುರು ಮಾಡುತ್ತಿದ್ದಿರಿ, ಅಲ್ವಾ?

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಒಂದು ಬರಹವನ್ನು ಮತ್ತೆ ಓದಿದರು. ಇನ್ನು ಕೆಲವರು ಅದನ್ನು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಮುಚ್ಚಿದ ಪುಸ್ತಕದಿಂದ ನೆನಪನ್ನು ಎಳೆದು ತರುವ ಆ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಓದಿದ್ದನ್ನು ಗೆಳತಿಗೆ ಹೇಳುವಾಗ ನಡೆಯುವುದೂ ಇದೇ ಶ್ರಮ.

ನಿಮಗೆ ಇದಕ್ಕೆ ಒಳ್ಳೆಯ ಅವಕಾಶವಿದೆ, ನಿಮ್ಮ ರೈಲು. ಬೆಳಿಗ್ಗೆ ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ ಓದಿ. ಶ್ರೀರಂಗಪಟ್ಟಣ ಬಂದ ತಕ್ಷಣ ಪುಸ್ತಕ ಮುಚ್ಚಿಬಿಡಿ, ಅಧ್ಯಾಯ ಅರ್ಧಕ್ಕೆ ನಿಂತರೂ ಸರಿ. ಅಲ್ಲಿಂದ ಮೈಸೂರಿನವರೆಗೆ ಕಿಟಕಿ ನೋಡುತ್ತಾ ನೆನಪಿಸಿಕೊಳ್ಳಿ. ಇವತ್ತು ಏನಾಯಿತು, ಯಾರು ಏನಂದರು, ನನಗೆ ಎಲ್ಲಿ ಬೇಸರವಾಯಿತು. ನಿಂತುಕೊಂಡು ಹೋಗಬೇಕಾದ ದಿನವೂ ಇದನ್ನು ಮಾಡಬಹುದು. ಮೈಸೂರಿನಲ್ಲಿ ಇಳಿದ ಮೇಲೆ ನಾಲ್ಕು ಸಾಲು ಬರೆದಿಡಿ, ಫೋನಿನಲ್ಲಾದರೂ ಸರಿ. ಬರೆಯುವಾಗ ಪುಸ್ತಕ ತೆರೆಯಬೇಡಿ. ತಪ್ಪು ಬರೆದರೂ ಪರವಾಗಿಲ್ಲ, ಮರುದಿನ ಓದುವಾಗ ತಾನೇ ಸರಿಹೋಗುತ್ತದೆ. ಇದರಲ್ಲಿ ನಷ್ಟ ಅಂದರೆ ಓದಿಗೆ ಸಿಗುವ ಸಮಯ ಸ್ವಲ್ಪ ಕಡಿಮೆಯಾಗುತ್ತದೆ. ಪುಸ್ತಕದ ಸಂಖ್ಯೆಯೂ ಇಳಿಯುತ್ತದೆ. ಇಳಿಯಲಿ.

ಆ ಸಂಖ್ಯೆಯ ಲೆಕ್ಕವನ್ನು ಒಮ್ಮೆ ನೋಡೋಣ. ಗಂಟೆಗೆ 20 ಪುಟ ಆಗುತ್ತದೆ ಅಂದುಕೊಳ್ಳಿ. ನಿಮ್ಮ ವೇಗ ಬೇರೆ ಇರಬಹುದು, ಗಡಿಯಾರ ಇಟ್ಟುಕೊಂಡು ನೋಡಿ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಓದಿದರೆ ವಾರಕ್ಕೆ 100 ಪುಟ. ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ 5,200 ಪುಟ. ಇದರಲ್ಲಿ 52 ಪುಸ್ತಕ ಮುಗಿಸಬೇಕಾದರೆ ಪ್ರತಿಯೊಂದೂ ನೂರೇ ಪುಟದ್ದಾಗಿರಬೇಕು. ಈಗ ‘ಮಲೆಗಳಲ್ಲಿ ಮದುಮಗಳು’ ತೆಗೆದುಕೊಳ್ಳಿ. ಏಳುನೂರು ಪುಟಗಳಷ್ಟು ದೊಡ್ಡ ಕಾದಂಬರಿ. ಇದೇ ವೇಗದಲ್ಲಿ ಏಳು ವಾರ ಬೇಕು. ನಿಮ್ಮ ಪಟ್ಟಿಯಲ್ಲಿ ಏಳು ವಾರ ಅಂದರೆ ಏಳು ಪುಸ್ತಕ. ಅಂಥ ಪುಸ್ತಕ ಕೈಗೆ ತೆಗೆದುಕೊಂಡ ಕೂಡಲೇ ನೀವು ಸೋತ ಹಾಗೆ ಆಗುವಂತಹ ಗುರಿ ಅದು. ಅರ್ಧಕ್ಕರ್ಧ ಸಣ್ಣ ಪುಸ್ತಕಗಳು ಬಂದಿದ್ದು ನಿಮ್ಮ ಸೋಮಾರಿತನದಿಂದಲ್ಲ. ಏನು ಓದಬೇಕು ಎಂಬುದನ್ನು ಗುರಿಯೇ ಆರಿಸುತ್ತಿತ್ತು.

ಸ್ಪೀಡ್ ರೀಡಿಂಗ್ ಕೋರ್ಸಿಗೆ ದುಡ್ಡು ಹಾಕಬೇಡಿ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಎಂದು ಜೀವಮಾನವಿಡೀ ಅಧ್ಯಯನ ಮಾಡಿದ ಕೀತ್ ರೇನರ್ ಮತ್ತು ಅವರ ಸಂಗಡಿಗರು ಈ ಬಗ್ಗೆ ಇರುವ ಸಂಶೋಧನೆಯನ್ನೆಲ್ಲ ಒಟ್ಟುಮಾಡಿ ಬರೆದ ಲೇಖನ 2016ರಲ್ಲಿ ಪ್ರಕಟವಾಯಿತು. ವೇಗ ಹೆಚ್ಚಿದರೆ ಅರ್ಥವಾಗುವುದು ಕಡಿಮೆಯಾಗುತ್ತದೆ, ಎರಡೂ ಒಟ್ಟಿಗೆ ಸಿಗುವ ಉಪಾಯವಿಲ್ಲ ಎಂಬುದು ಅವರ ಒಟ್ಟು ಮಾತು. ಕಚೇರಿಯ ಕಡತವನ್ನು ಮೇಲಿಂದ ಮೇಲೆ ನೋಡಿ ಬೇಕಾದ್ದು ಹುಡುಕಲು ಆ ಅಭ್ಯಾಸ ಉಪಯೋಗಕ್ಕೆ ಬರಬಹುದು. ಕಾದಂಬರಿಗೆ ಬರುವುದಿಲ್ಲ. ಇನ್ನೊಂದು ಗಮನಿಸಿ. ‘ನಿಮಿಷಕ್ಕೆ ಇಷ್ಟು ಪದ’ ಎಂದು ಇಂಟರ್ನೆಟ್‌ನಲ್ಲಿ ಕಾಣುವ ಅಂಕಿಗಳು ಹೆಚ್ಚಾಗಿ ಇಂಗ್ಲಿಷಿನವು. ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ನಿಮಿಷಕ್ಕೆ ಸುಮಾರು 240 ಪದ. ‘ಹೋಗಬೇಕಾಗಿತ್ತಲ್ಲವೇ’ ಎನ್ನುವುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಆ ಅಂಕಿಯಿಂದ ನಿಮ್ಮನ್ನು ಅಳೆದುಕೊಂಡರೆ ಸುಮ್ನೆ ಬೇಜಾರು.

ಆಡಿಯೋ ಪುಸ್ತಕದ ಬಗ್ಗೆ ನೀವು ಕೇಳಿಲ್ಲ, ಆದರೆ ರೈಲಿನಲ್ಲಿ ಓಡಾಡುವವರಿಗೆ ಅದು ಒಳ್ಳೆಯ ದಾರಿ. ಕೇಳಿದರೆ ಓದಿದ ಹಾಗಾಗುವುದಿಲ್ಲ ಎಂಬುದು ತಪ್ಪು ಕಲ್ಪನೆ. ಗಮಕ, ಹರಿಕಥೆ ಕೇಳಿ ಬೆಳೆದ ಊರಿನವರು ನಾವು. ಅಪಾಯ ಬೇರೆ ಕಡೆ ಇದೆ: ಕೇಳುತ್ತಾ ಮನಸ್ಸು ಎಲ್ಲೋ ಹೋದರೂ ಕಥೆ ನಿಲ್ಲುವುದಿಲ್ಲ, ಹಿಂದಿನ ಸಾಲಿಗೆ ಕಣ್ಣು ಹಾಯಿಸಿದ ಹಾಗೆ ಹಿಂದಕ್ಕೆ ಹೋಗುವುದೂ ಸುಲಭವಲ್ಲ. ಫೋನಿನ ಪಿಡಿಎಫ್ ಬಗ್ಗೆ ಒಂದು ಮಾತು. 2018ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮಾಹಿತಿ ಕೊಡುವ ಬರಹಗಳು ಕಾಗದದಲ್ಲಿ ಓದಿದಾಗ ಚೆನ್ನಾಗಿ ಅರ್ಥವಾಗುತ್ತವೆ, ಆತುರದಲ್ಲಿ ಓದುವಾಗ ಪರದೆ ಇನ್ನೂ ಹಿಂದೆ ಬೀಳುತ್ತದೆ ಎಂದು ಗೊತ್ತಾಯಿತು. ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಫೋನಿನಲ್ಲಿ ಕಥೆ ಓದಿ, ಇತಿಹಾಸ, ವಿಜ್ಞಾನದ ಪುಸ್ತಕವನ್ನು ಕಾಗದದಲ್ಲಿ ಓದಿ.

ಅರ್ಧಕ್ಕೆ ಬಿಟ್ಟ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಶುರು ಮಾಡಿದ್ದನ್ನು ಮುಗಿಸಲೇಬೇಕು ಎಂಬ ಭಾವನೆ ನಮಗೆ ಶಾಲೆಯಿಂದ ಬಂದದ್ದು. ಅಲ್ಲಿ ಪುಸ್ತಕ ಎಂದರೆ ಪಠ್ಯ, ಮುಗಿಸದಿದ್ದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೇವೆ. ದುಡ್ಡು ಕೊಟ್ಟು ಕೊಂಡ ಪುಸ್ತಕವಾದರೆ ಇನ್ನೂ ಸಂಕಟ. ನಾನು ಎಲ್ಲರಿಗೂ ಹೇಳುವುದು, ಗೊತ್ತಿಲ್ಲದ ಲೇಖಕರನ್ನು ಮೊದಲು ಗ್ರಂಥಾಲಯದಿಂದ ತನ್ನಿ. 1965ರ ಗ್ರಂಥಾಲಯ ಕಾಯಿದೆ ಬಂದ ಮೇಲೆ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ಪುಸ್ತಕಗಳು ನಮ್ಮವೇ. ಹಿಡಿಸದಿದ್ದರೆ ವಾಪಸ್ ಕೊಟ್ಟು ಇನ್ನೊಂದು ತರಬಹುದು. ಹೀಗೆ ವಾಪಸ್ ಬಂದ ಪುಸ್ತಕಕ್ಕಾಗಿ ನಾನು ಯಾರನ್ನೂ ಕಾರಣ ಕೇಳಿಲ್ಲ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ‘ಪುಸ್ತಕ ಮನೆ’ ನಿಮಗೆ ದೂರವೇನಲ್ಲ. ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು, ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದು ಭಾನುವಾರ ಹೋಗಿಬನ್ನಿ. ಅಷ್ಟು ಪುಸ್ತಕಗಳ ನಡುವೆ ನಿಂತರೆ 52 ಎಂಬ ಅಂಕಿಗೆ ಏನೂ ಅರ್ಥವಿಲ್ಲ ಎಂದು ತಾನೇ ಅನಿಸುತ್ತದೆ.

ಬಿಡುವ ಮುಂಚೆ ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳಿ. ನನಗೆ ಈ ಪುಸ್ತಕ ಹಿಡಿಸಲಿಲ್ಲವಾ, ಅಥವಾ ದಾರಿ ಸಿಗಲಿಲ್ಲವಾ? ಎರಡೂ ಬೇರೆ. ಕುವೆಂಪು ಅವರ ಈ ಕಾದಂಬರಿ 1967ರಲ್ಲಿ ಬಂದದ್ದು. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ. ಒಬ್ಬ ನಾಯಕ, ಒಬ್ಬ ನಾಯಕಿ ಎಂದು ಇಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಹೀಗೆ ಜನ ಬರುತ್ತಲೇ ಇರುತ್ತಾರೆ. ಗುತ್ತಿಯ ನಾಯಿ ಹುಲಿಯನಿಗೂ ಅದರಲ್ಲಿ ದೊಡ್ಡ ಜಾಗವಿದೆ. ನಾಲೆ, ಗದ್ದೆ, ಕಬ್ಬಿನ ಬಯಲು ನೋಡಿ ಬೆಳೆದ ಮಂಡ್ಯದವರಿಗೆ ಅಲ್ಲಿನ ಕಾಡು, ಮಳೆ, ಮನೆಗಳ ಪದಗಳೇ ಹೊಸವು. ನೂರಿಪ್ಪತ್ತು ಪುಟಕ್ಕೆ ತಲೆ ತಿರುಗಿದರೆ ಆಶ್ಚರ್ಯವಿಲ್ಲ. ನಮ್ಮ ಕೂಟದಲ್ಲಿ ಹಲವರಿಗೆ ಸಹಾಯವಾದ ಉಪಾಯ ಇದು: ಜನರನ್ನು ಮನೆಗಳ ಪ್ರಕಾರ ಬರೆದುಕೊಳ್ಳಿ. ಹಳೆಮನೆ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ. ಒಂದು ಚೀಟಿಯಲ್ಲಿ ಯಾವ ಮನೆಗೆ ಯಾರು ಎಂದು ಗುರುತು ಮಾಡಿ, ಅದನ್ನೇ ಪುಟದ ಗುರುತಾಗಿ ಇಟ್ಟುಕೊಳ್ಳಿ. 2010ರಲ್ಲಿ ಮೈಸೂರಿನ ರಂಗಾಯಣ ಇದೇ ಕಾದಂಬರಿಯನ್ನು ರಾತ್ರಿಯಿಡೀ ಆಡಿ ತೋರಿಸಿತು. ನಾಟಕ ನೋಡಿ ಬಂದು, ಆಮೇಲೆ ಪುಸ್ತಕ ಕೇಳಿದವರು ನಮ್ಮಲ್ಲಿ ಬಹಳ ಜನ. ಮುಖಗಳು ಪರಿಚಯವಾದ ಮೇಲೆ ಪುಟಗಳು ಓಡಿದವು ಎಂದು ಹೇಳುತ್ತಿದ್ದರು. ಚೀಟಿ ಇಟ್ಟುಕೊಂಡೂ ಹಿಡಿಸಲಿಲ್ಲವಾ? ಹಾಗಿದ್ದರೆ ಬಿಟ್ಟುಬಿಡಿ. ದೊಡ್ಡ ಪುಸ್ತಕ ಕಾಯುತ್ತದೆ, ಐದು ವರ್ಷ ಬಿಟ್ಟು ತೆರೆದರೂ ಅಲ್ಲೇ ಇರುತ್ತದೆ.

ಈಗ ಕೂಟದಲ್ಲಿ ನೀವು ಆಡಿದ ಮಾತು. ‘ಅದ್ಭುತ’ ಅಂದಿರಿ. ಅದನ್ನು ಸುಳ್ಳು ಎಂದು ನಾನು ದೂರುವುದಿಲ್ಲ, ಅಂಜಿಕೆಯಿಂದ ಬಂದ ಮಾತು ಅದು. ಅಂಜಿಕೆಗೆ ಕಾರಣವೂ ಇದೆ. ನಮ್ಮ ಕಡೆ ಪುಸ್ತಕದ ಬಗ್ಗೆ ಬಹಿರಂಗ ಮಾತು ಹೆಚ್ಚಾಗಿ ನಡೆಯುವುದು ಬಿಡುಗಡೆ ಸಮಾರಂಭದಲ್ಲಿ. ಲೇಖಕರು ವೇದಿಕೆಯ ಮೇಲೆ, ಅವರ ಮನೆಯವರು ಮುಂದಿನ ಸಾಲಿನಲ್ಲಿ. ಅಲ್ಲಿ ಹೊಗಳುವುದು ಸೌಜನ್ಯ, ಇರಲಿ. ಆದರೆ ಅದೇ ಧಾಟಿ ಓದುಗರ ಕೂಟಕ್ಕೂ ಬಂದರೆ ಕೂಟ ಸತ್ತುಹೋಗುತ್ತದೆ. ನಾನು ನಡೆಸಿದ ಕೂಟಗಳಲ್ಲಿ ಮಾತಿಗೆ ಜೀವ ಬಂದದ್ದು ಯಾವಾಗಲೂ ಯಾರಾದರೂ ‘ನನಗೆ ಇಲ್ಲಿ ಸಾಕಾಯಿತು’ ಎಂದು ಪುಟ ತೋರಿಸಿದಾಗ. ಆಗ ಎದುರಿಗಿದ್ದವರು ‘ಅಯ್ಯೋ, ನನಗೆ ಇಷ್ಟವಾಗಿದ್ದೇ ಆ ಪುಟ’ ಎನ್ನುತ್ತಾರೆ. ಇಬ್ಬರೂ ಮನೆಗೆ ಹೋಗಿ ಆ ಪುಟ ಮತ್ತೆ ತೆಗೆಯುತ್ತಾರೆ.

ಅಭಿಪ್ರಾಯ ಎಂದರೆ ತೀರ್ಪು ಎಂದು ತಿಳಿದಿರುವುದರಿಂದಲೇ ಭಯ. ಕುವೆಂಪು ಬಗ್ಗೆ ತೀರ್ಪು ಕೊಡಲು ನಾನ್ಯಾರು ಎಂದು ಅನಿಸುತ್ತದೆ. ನಿಮ್ಮನ್ನು ತೀರ್ಪು ಕೇಳಿದವರು ಯಾರು? ಓದುವಾಗ ನಿಮಗೆ ಏನಾಯಿತು ಎಂದು ಹೇಳಿ, ಅದರಲ್ಲಿ ನಿಮಗಿಂತ ಬಲ್ಲವರು ಯಾರೂ ಇಲ್ಲ. ಮೊದಲು ಜಾಗ ಹೇಳಿ, ಯಾವ ಪುಟ, ಯಾವ ಸನ್ನಿವೇಶ. ಆಮೇಲೆ ಅಲ್ಲಿ ನಿಮಗೆ ಆದದ್ದು ಹೇಳಿ: ಅಳು ಬಂತು, ನಿದ್ದೆ ಬಂತು, ಕೋಪ ಬಂತು. ಆಮೇಲೆ ಯಾಕಿರಬಹುದು ಎಂದು ಊಹೆ ಮಾಡಿ, ಊಹೆ ಎಂದೇ ಹೇಳಿ. ‘120ನೇ ಪುಟದ ಹೊತ್ತಿಗೆ ನನಗೆ ಯಾರು ಯಾರ ಮನೆಯವರು ಎಂದು ಗೊತ್ತಾಗದೆ ನಿಲ್ಲಿಸಿದೆ. ನೀವೆಲ್ಲ ಹೇಗೆ ದಾಟಿದಿರಿ?’ ಎಂದು ಮುಂದಿನ ಕೂಟದಲ್ಲಿ ಕೇಳಿ. ಹೋದ ಸಲ ಅದ್ಭುತ ಅಂದದ್ದನ್ನು ಯಾರಾದರೂ ನೆನಪಿಸಿದರೆ, ‘ಪೂರ್ತಿ ಓದಿರಲಿಲ್ಲ’ ಅಂದುಬಿಡಿ. ಒಂದು ನಿಮಿಷ ಮುಖ ಕೆಂಪಾಗಬಹುದು. ನನ್ನ ಅನುಭವದಲ್ಲಿ ಅದಾದ ಮೇಲೆ ಇನ್ನಿಬ್ಬರು ‘ನಾನೂ ಅಷ್ಟೇ’ ಅನ್ನುತ್ತಾರೆ.

ಗೆಳತಿಯ ಅಥವಾ ಪರಿಚಯದವರ ಕವನ ಸಂಕಲನ ಇದಕ್ಕಿಂತ ಕಷ್ಟ. ಇಲ್ಲಿ ಮೂರು ದಾರಿ ಇವೆ, ಮೂರಕ್ಕೂ ಬೆಲೆ ಇದೆ. ಸುಮ್ಮನೆ ಹೊಗಳಿದರೆ ಸಂಬಂಧ ಉಳಿಯುತ್ತದೆ, ಆದರೆ ಮುಂದೆ ನೀವು ಮನಸ್ಸಿನಿಂದ ಹೊಗಳಿದ ಮಾತಿಗೂ ತೂಕ ಇರುವುದಿಲ್ಲ. ಎಲ್ಲರ ಮುಂದೆ ಚೆನ್ನಾಗಿಲ್ಲ ಅಂದರೆ, ಬರೆಯುವವರ ಎದೆಗೆ ತಾಗುತ್ತದೆ, ಮೊದಲ ಪುಸ್ತಕವಾದರೆ ಬರೆಯುವುದನ್ನೇ ಬಿಟ್ಟವರೂ ಇದ್ದಾರೆ. ನಾನು ಹಿಡಿಯುವ ದಾರಿ ಮೂರನೆಯದು. ಇಡೀ ಸಂಕಲನದಲ್ಲಿ ನಿಜವಾಗಿ ಹಿಡಿಸಿದ ಒಂದು ಪದ್ಯ, ಅದೂ ಇಲ್ಲದಿದ್ದರೆ ಒಂದು ಸಾಲು ಹುಡುಕುತ್ತೇನೆ. ಅದರ ಬಗ್ಗೆ ಕೂಟದಲ್ಲಿ ಬಿಡಿಸಿ ಮಾತಾಡುತ್ತೇನೆ. ಹಿಡಿಸದ್ದನ್ನು ಅವರು ಕೇಳಿದರೆ ಮಾತ್ರ, ಒಬ್ಬರೇ ಇದ್ದಾಗ, ಪದ್ಯ ಮುಂದಿಟ್ಟುಕೊಂಡು ಹೇಳುತ್ತೇನೆ. ಇದಕ್ಕೆ ಸಂಕಲನವನ್ನು ಎರಡು ಸಲ ಓದಬೇಕಾಗುತ್ತದೆ. ಆದರೆ ಅಷ್ಟು ಗಮನ ಕೊಟ್ಟು ಓದಿದ್ದಾರೆ ಎಂಬುದೇ ಬರೆಯುವವರಿಗೆ ದೊಡ್ಡ ಗೌರವ. ವಾಟ್ಸಾಪ್‌ನಲ್ಲಿ ಮುಖಪುಟದ ಫೋಟೊ ಹಾಕಿ ಐದಕ್ಕೆ ನಾಲ್ಕು ಅಂಕ ಕೊಡುವುದನ್ನು ಬಿಟ್ಟುಬಿಡಿ. ಆ ಅಂಕದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡು ಸಾಲಿನ ಮಾತು ಬರೆಯಿರಿ, ಕಥೆಯ ಕೊನೆ ಮಾತ್ರ ಹೇಳಬೇಡಿ.

ಹಾಗಾದರೆ ಗುರಿಯೇ ಬೇಡವಾ? ಬೇಕು ಎನ್ನುವವರಿಗೆ ಇರಲಿ, ಕೆಲವರಿಗೆ ಗುರಿ ಇಲ್ಲದೆ ಕೂರಲು ಆಗುವುದಿಲ್ಲ. ಪುಸ್ತಕದ ಸಂಖ್ಯೆಯ ಬದಲು ಸಮಯದ ಗುರಿ ಇಟ್ಟುಕೊಳ್ಳಬಹುದು, ದಿನಕ್ಕೆ ಇಷ್ಟು ನಿಮಿಷ ಎಂದು. ದೊಡ್ಡ ಪುಸ್ತಕದ ಭಯ ಆಗ ಹೋಗುತ್ತದೆ. ಆದರೆ ಪುಟ ಎದುರಿಗಿಟ್ಟುಕೊಂಡು ಫೋನ್ ನೋಡುತ್ತಾ ಸಮಯ ಕಳೆಯುವುದೂ ಸುಲಭ. ಒಬ್ಬ ಲೇಖಕರನ್ನೋ ಒಂದು ವಿಷಯವನ್ನೋ ಹಿಡಿದು ಆರು ತಿಂಗಳು ಹೋಗುವುದು ನನಗೆ ಹೆಚ್ಚು ಇಷ್ಟ. ನಿಮ್ಮ ಜಿಲ್ಲೆಯವರನ್ನೇ ಹಿಡಿಯಿರಿ. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್. ಕವಿತೆಯೂ ಸಿಗುತ್ತದೆ, ಪ್ರಬಂಧವೂ ಸಿಗುತ್ತದೆ. ಒಬ್ಬರನ್ನು ಓದಿದ್ದು ಇನ್ನೊಬ್ಬರನ್ನು ಓದುವಾಗ ನೆನಪಾಗುತ್ತದೆ, ಆಗ ಹೇಳಲು ಮಾತೂ ತಾನೇ ಹುಟ್ಟುತ್ತದೆ. ಮಧ್ಯೆ ಏಕತಾನ ಅನಿಸಿದರೆ ಒಂದು ಪತ್ತೇದಾರಿ ಕಾದಂಬರಿ ಓದಿ ಬನ್ನಿ.

ಡಿಸೆಂಬರ್‌ವರೆಗೆ ಉಳಿದ 33ನ್ನು ನಾನಾಗಿದ್ದರೆ ಇವತ್ತೇ ಕೈಬಿಡುತ್ತಿದ್ದೆ. ಈಗಾಗಲೇ ಓದಿದ 19ರಲ್ಲಿ ಯಾವುದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆಯೋ ಅಂಥ ಎರಡನ್ನು ಮತ್ತೆ ಓದುತ್ತಿದ್ದೆ. ಹೊಸದಾಗಿ ಒಂದು ದೊಡ್ಡ ಪುಸ್ತಕ ಹಿಡಿಯುತ್ತಿದ್ದೆ. ಅಷ್ಟೇ. ಗುಂಪಿನಲ್ಲಿ ಕೇಳಿದರೆ ಹಾಗೆಯೇ ಹೇಳಿ.

ಕೊನೆಗೆ ನಿಮ್ಮ ಮಗ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಪುಸ್ತಕಕ್ಕೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಿ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಆ ಮಕ್ಕಳು ಒಂದೆರಡು ವಾರದ ನಂತರ, ಬಹುಮಾನ ಇಲ್ಲದಾಗ, ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಇಷ್ಟದ ಕೆಲಸ ಕೂಲಿಯ ಕೆಲಸವಾಗಿತ್ತು. ಓದೇ ಇಷ್ಟವಿಲ್ಲದ ಮಗುವಿಗೆ ಮೊದಮೊದಲು ಸಣ್ಣ ಬಹುಮಾನ ಸಹಾಯ ಮಾಡಬಹುದು, ನಿಮ್ಮ ಮಗ ಆ ಥರದವನಾ ಎಂದು ನಿಮಗೇ ಗೊತ್ತು. ಏನೇ ಇರಲಿ, ಹಠಾತ್ತನೆ ದುಡ್ಡು ನಿಲ್ಲಿಸಿದರೆ ಅವನಿಗೆ ಮೋಸವಾದ ಹಾಗೆ ಅನಿಸುತ್ತದೆ. ಇಲ್ಲಿಯವರೆಗಿನ ಲೆಕ್ಕ ಪೂರ್ತಿ ಚುಕ್ತಾ ಮಾಡಿ. ಆಮೇಲೆ ವಾರಕ್ಕೊಮ್ಮೆ ಅವನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಆರಿಸುವುದು ಅವನಿಗೇ ಬಿಡಿ. ಕಾಮಿಕ್ಸ್ ಆದರೂ ಸರಿ, ಕ್ರಿಕೆಟ್ ಪುಸ್ತಕ ಆದರೂ ಸರಿ, ಹತ್ತು ಪುಟ ಓದಿ ಬಿಟ್ಟರೂ ಸರಿ. ‘ಎಷ್ಟು ಪುಟ ಆಯಿತು?’ ಎಂದು ಕೇಳಬೇಡಿ. ಊಟದ ಹೊತ್ತಿನಲ್ಲಿ ನೀವು ರೈಲಿನಲ್ಲಿ ಓದಿದ್ದನ್ನು ಮೊದಲು ಅವನಿಗೆ ಹೇಳಿ, ಆಮೇಲೆ ಅವನದ್ದು ಕೇಳಿ.